ದಿವಾಳಿ ಫೌಂಡ್ರಿ: ಅಣ್ಣನ ಸಂಬಳ, ಪಿಎಫ್ ಬಾಕಿ

ಮಾಚೇನಹಳ್ಳಿಯ ಫೌಂಡ್ರಿ ದಿವಾಳಿ ಪ್ರಕ್ರಿಯೆಗೆ ಹೋಗಿದೆ, ಅಣ್ಣನ ಸಂಬಳ, ಪಿಎಫ್ ಎರಡೂ ಮುಳುಗಿದವಾ ಅಂತ ಕೇಳಿದ್ದೀರಿ. ಪಿಎಫ್, ಗ್ರಾಚ್ಯುಟಿ ನಿಧಿಗೆ ಬ್ಯಾಂಕಿನವರು ಕೈಹಾಕುವಂತಿಲ್ಲ. 2016ರ ದಿವಾಳಿ ಸಂಹಿತೆಯ 36(4)ನೇ ಕಲಮು ಅದನ್ನು ಮಾರಾಟದ ಆಸ್ತಿಯಿಂದ ಹೊರಗಿಟ್ಟಿದೆ.

ಸಂಬಳಕ್ಕೆ ಮಾತ್ರ ಈಗಲೇ ಓಡಾಡಬೇಕು. ದಿವಾಳಿ ಪ್ರಕಟಣೆಯಲ್ಲಿರುವ ಕೊನೆಯ ದಿನದೊಳಗೆ ರೆಸಲ್ಯೂಷನ್ ಪ್ರೊಫೆಷನಲ್‌ಗೆ (ದಿವಾಳಿ ಪ್ರಕ್ರಿಯೆ ನಡೆಸುವ ಅಧಿಕಾರಿ) ಫಾರ್ಮ್ ಡಿ, ಅಂದರೆ ಬಾಕಿ ಕೇಳುವ ಅರ್ಜಿ ಕಳಿಸಿ, ಸಂಬಳದ ಚೀಟಿ, ಪಾಸ್‌ಬುಕ್ ಪ್ರತಿ ಲಗತ್ತಿಸಿ. ಇ-ಮೇಲ್ ಸಾಕು, ಬೆಂಗಳೂರಿಗೆ ಹೋಗಬೇಕಿಲ್ಲ. ಕಂಪನಿ ಮುಚ್ಚುವ ಹಂತಕ್ಕೆ ಬಂದರೆ ಹಣ ಹಂಚುವಾಗ ಕಾರ್ಮಿಕರ 24 ತಿಂಗಳ ಬಾಕಿಗೆ, ತಮ್ಮ ಅಡಮಾನದ ಹಕ್ಕನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲಕ್ಕೆ ಸಮಾನ ಸ್ಥಾನವಿದೆ. ಕಾರ್ಮಿಕರಲ್ಲದ ಉಳಿದ ನೌಕರರಿಗೆ 12 ತಿಂಗಳದ್ದು, ಅದೂ ಇವರೆಲ್ಲರ ನಂತರ. ಆದ್ದರಿಂದ ಅಣ್ಣ ಕಾರ್ಮಿಕರ ಸಾಲಿಗೆ ಬರುತ್ತಾರಾ ಅಂತ ತಿಳಿಯಲು ವಕೀಲರಿಗೆ ಅವರ ಹುದ್ದೆಯ ಹೆಸರಷ್ಟೇ ಅಲ್ಲ, ದಿನಾ ಮಾಡುತ್ತಿದ್ದ ಕೆಲಸವನ್ನೂ ಬಿಡಿಸಿ ಹೇಳಿ.

ನಿರ್ದೇಶಕರು ಹಿಂದಿನ 2 ವರ್ಷದಲ್ಲಿ ತಮಗೆ ತಾವೇ ದೊಡ್ಡ ಬಾಕಿ, ಬೋನಸ್ ಪಾವತಿಸಿಕೊಂಡಿದ್ದರೆ ಆ ವಿವರವನ್ನೂ ಬರೆದು ಕೊಡಿ. ಅದೇ ಸಂಹಿತೆಯ 43ನೇ ಕಲಮಿನಡಿ ಆ ಹಣ ವಾಪಸ್ ಕೇಳುವ ಅಧಿಕಾರ ರೆಸಲ್ಯೂಷನ್ ಪ್ರೊಫೆಷನಲ್‌ಗಿದೆ.