ಶಿರಸಿಯಿಂದ ಬಂದು ಗಾಳ ಹಾಕುವವರಿಗೆ ಮೊದಲ ಕಯಾಕ್ ಯಾವುದು?

ನೀವು ಕೇಳಿದ್ದು ಇಷ್ಟು: ಮನೆ ಶಿರಸಿಯಲ್ಲಿ, ರಜೆ ಸಿಕ್ಕಾಗ ಕುಮಟಾ, ಕಾರವಾರ ಕಡೆ ಬಂದು ಗಾಳ ಹಾಕುವ ಆಸೆ, ಕೈಯಲ್ಲಿ 25 ಸಾವಿರ. ಮೊದಲ ಕಯಾಕ್ (ಹುಟ್ಟು ಹಾಕಿ ಸಾಗುವ ಸಣ್ಣ, ಕಿರಿದಾದ ದೋಣಿ) ಯಾವುದು ತೆಗೆದುಕೊಳ್ಳಲಿ?

ನನ್ನ ಉತ್ತರ: ಅಗಲವಾದ, ಬೋಳು, ಸೆಕೆಂಡ್ ಹ್ಯಾಂಡ್ ಸಿಟ್-ಆನ್-ಟಾಪ್, ಅಂದರೆ ಒಳಗೆ ಇಳಿಯದೆ ಮೇಲೆಯೇ ಕೂರುವ ಕಯಾಕ್. ರಾಡ್ ಹೋಲ್ಡರ್ (ಗಾಳದ ಕೋಲು ನಿಲ್ಲಿಸುವ ಹಿಡಿಕೆ), ಪೆಡಲ್, ಫಿಶ್ ಫೈಂಡರ್ (ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರ) ಏನೂ ಬೇಡ. 'ಫಿಶಿಂಗ್' ಎಂಬ ಹೆಸರು ಅಂಟಿದ ಕೂಡಲೇ ಬೆಲೆ ಏರುತ್ತದೆ. ರಾಡ್ ಹೋಲ್ಡರನ್ನು ಪಿವಿಸಿ ಪೈಪ್ ಕತ್ತರಿಸಿ ನೀವೇ ಮಾಡಿಕೊಳ್ಳಬಹುದು.

ಸಿಟ್-ಆನ್-ಟಾಪ್ ಏಕೆ ಅಂದರೆ, ಹೊಸಬರು ಬೀಳುತ್ತಾರೆ. ಒಳಗೆ ಕೂರುವ ಕಯಾಕ್ ಮಗುಚಿದರೆ ಹೊಟ್ಟೆ ತುಂಬಾ ನೀರು ತುಂಬಿಕೊಳ್ಳುತ್ತದೆ. ನಡುನೀರಿನಲ್ಲಿ ಒಬ್ಬರೇ ಅದನ್ನು ಖಾಲಿ ಮಾಡುವುದು ತುಂಬಾ ಕಷ್ಟ. ಸಿಟ್-ಆನ್-ಟಾಪ್‌ನಲ್ಲಿ ಮೇಲೆ ಬಂದ ನೀರು ಅದರಲ್ಲೇ ಇರುವ ತೂತುಗಳಿಂದ ತಾನೇ ಇಳಿದು ಹೋಗುತ್ತದೆ. ತಿರುಗಿಸಿ, ಅದರ ಮೇಲೆ ಬೋರಲಾಗಿ ಮಲಗಿ ಹತ್ತಬಹುದು. ಆದರೆ ಇದನ್ನು ಸೊಂಟದಷ್ಟು ನೀರಿನಲ್ಲಿ, ಜೊತೆಗೆ ಯಾರಾದರೂ ಇದ್ದಾಗ, ಸಲೀಸಾಗುವ ತನಕ ಅಭ್ಯಾಸ ಮಾಡಿ. ರಾಡ್ ಹಿಡಿಯುವುದು ಆಮೇಲೆ.

ಅಳತೆ 10ರಿಂದ 12 ಅಡಿ ಉದ್ದ, 30 ಇಂಚಿಗಿಂತ ಜಾಸ್ತಿ ಅಗಲ ಇರಲಿ. ಮೀನು ಎಳೆಯುವಾಗ ಮೈ ಒಂದು ಕಡೆ ವಾಲುತ್ತದೆ, ಆಗ ಕಾಯುವುದು ಅಗಲವೇ. ಕಂಪನಿ ಹೇಳುವ ಭಾರದ ಮಿತಿಯಲ್ಲಿ ಮೂರನೇ ಎರಡು ಪಾಲು ಮಾತ್ರ ಬಳಸಿ. ನೀವು 75 ಕೆಜಿ, ಸಾಮಾನು 15 ಕೆಜಿ ಆದರೆ 135 ಕೆಜಿಗಿಂತ ಕಡಿಮೆ ಮಿತಿಯದ್ದು ಬೇಡ.

ಈಗ ಶಿರಸಿಯ ತೊಡಕು. ಇಂಥ ಪ್ಲಾಸ್ಟಿಕ್ ಕಯಾಕ್ ಸುಮಾರು 25ರಿಂದ 35 ಕೆಜಿ ತೂಗುತ್ತದೆ. ಅದನ್ನು ಕಾರಿನ ಮೇಲೆ ಕಟ್ಟಿ ದೇವಿಮನೆ ಘಟ್ಟ ಇಳಿದು ಹತ್ತುವುದು ಎರಡು ಸಲಕ್ಕೇ ಸಾಕೆನಿಸುತ್ತದೆ. ಕುಮಟಾ ಕಡೆ ನೆಂಟರ ಮನೆ ಇದ್ದರೆ ಅಲ್ಲೇ ನೆರಳಿನಲ್ಲಿ ಇಡಿ, ಬಿಸಿಲು ಪ್ಲಾಸ್ಟಿಕ್ಕನ್ನು ಹಾಳು ಮಾಡುತ್ತದೆ. ಇಡಲು ಜಾಗವೇ ಇಲ್ಲ ಅಂದರೆ ಗಾಳಿ ತುಂಬುವ ಕಯಾಕ್ ನೋಡಿ. ಇಂಟೆಕ್ಸ್ ಎಕ್ಸ್‌ಪ್ಲೋರರ್ ಕೆ2 ಥರದ್ದು 312 ಸೆಂ.ಮೀ. ಉದ್ದ, 91 ಸೆಂ.ಮೀ. ಅಗಲ, ಮಿತಿ 180 ಕೆಜಿ. ಒಂದು ಸೀಟು ತೆಗೆದರೆ ಒಬ್ಬರಿಗೆ ಧಾರಾಳ ಜಾಗ. ಆದರೆ ಹಗುರ, ಗಾಳಿ ಎತ್ತ ತಳ್ಳುತ್ತದೋ ಅತ್ತ ಹೋಗುತ್ತದೆ. ಗಾಳದ ಮುಳ್ಳು, ಕಲ್ಲಿಗೆ ಅಂಟಿದ ಸಿಂಪಿ ಎರಡೂ ಅದಕ್ಕೆ ಶತ್ರು. ನಿಂತ ನೀರಿಗೆ ಸರಿ, ಅಳಿವೆಗೆ ಬೇಡ.

ಹಣ ಹಂಚುವಾಗ ಲೈಫ್ ಜಾಕೆಟ್ ಮೊದಲು. ಬೆನ್ನಿನ ಫೋಮ್ ಮೇಲ್ಭಾಗದಲ್ಲಿ ಮಾತ್ರ ಇರುವುದನ್ನು ಆರಿಸಿ, ಸೀಟಿಗೆ ತಾಗುವುದಿಲ್ಲ. ಸೆಖೆ ಎಂದು ಬಿಚ್ಚಿಡಬೇಡಿ. ಅಗಲದ ಕಯಾಕಿಗೆ ಹುಟ್ಟು 230ರಿಂದ 250 ಸೆಂ.ಮೀ. ಇರಬೇಕು, ಅದನ್ನು ದಾರದಿಂದ ಕಯಾಕಿಗೆ ಕಟ್ಟಿಕೊಳ್ಳಿ. ಹುಟ್ಟು ಕೈ ತಪ್ಪಿದರೆ ನೀವು ಎಲ್ಲಿ ಹೋಗಬೇಕೆಂದು ಹೊಳೆಯೇ ತೀರ್ಮಾನಿಸುತ್ತದೆ. ಲಂಗರನ್ನು ಎಂದೂ ಪಕ್ಕಕ್ಕೆ ಕಟ್ಟಬೇಡಿ. ಸೆಳೆತ ಜಾಸ್ತಿಯಾದಾಗ ಅಡ್ಡ ತಿರುಗಿಸಿ ಮಗುಚಿ ಹಾಕುತ್ತದೆ. ಮೂತಿಗೆ ಅಥವಾ ಬಾಲಕ್ಕೆ, ತಟ್ಟನೆ ಬಿಚ್ಚುವ ಗಂಟಿನಲ್ಲಿ ಕಟ್ಟಿ.

ನೀರಿನ ಮಾತು. ಸಮುದ್ರಕ್ಕೆ ಸದ್ಯ ಬೇಡವೇ ಬೇಡ. ಕೋಡಿಬಾಗದಿಂದ ಕಾಳಿ ಹೊಳೆಯ ಮೇಲಕ್ಕೆ, ಇಲ್ಲ ಅಘನಾಶಿನಿಯಲ್ಲಿ ತದಡಿಯಿಂದ ಒಳಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಕಡೆ ಹೋಗಿ. ನೋಗ್ಲಿ (ಕಾಣೆ) ಮೀನು ಹಿಡಿಯಲು ಇಷ್ಟು ಸಾಕು. ಬೆಳಿಗ್ಗೆ ಭರತಿ ಇರುವ ದಿನ ಆರಿಸಿ. ಏರುವ ನೀರಿನ ಜೊತೆ ಮೇಲೆ ಹೋಗಿ, ಇಳಿತ ಶುರುವಾದಾಗ ಅದರ ಜೊತೆ ವಾಪಸ್ ಬನ್ನಿ. ಭರತಿ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಹೋದ ಭಾನುವಾರದ ಹೊತ್ತು ಈ ಭಾನುವಾರಕ್ಕೆ ನಡೆಯುವುದಿಲ್ಲ. ಮಧ್ಯಾಹ್ನದ ಮೇಲೆ ಪಡುಗಾಳಿ ಏಳುತ್ತದೆ. ಇಳಿತದ ನೀರಿಗೆ ಎದುರು ಗಾಳಿ ಬೀಸಿದರೆ ಅಳಿವೆ ಬಾಯಲ್ಲಿ ಚೂಪು ಅಲೆ ಏಳುತ್ತವೆ. ಅಷ್ಟರೊಳಗೆ ದಡದಲ್ಲಿರಿ. ಮಳೆಗಾಲದಲ್ಲಿ ಇಳಿಯಲೇಬೇಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ಮೀನುಗಾರಿಕೆ ನಿಷೇಧವಿರುತ್ತದೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ಕಾಳಿ ಬೇರೆಯೇ ಹೊಳೆ. ಅರಗಾ ಕಡೆ ನೌಕಾನೆಲೆಯ ನೀರಿನ ಹತ್ತಿರವೂ ಹೋಗಬೇಡಿ. ಪಾತಿ ದೋಣಿಯವರು (ಸಣ್ಣ ನಾಡದೋಣಿಯ ಮೀನುಗಾರರು) ಬಲೆ ಬಿಟ್ಟ ಜಾಗ ದಾಟಬೇಡಿ, ಅವರನ್ನು ಕೇಳಿಯೇ ಇಳಿಯಿರಿ. ಸೆಳೆತ ಎಲ್ಲಿದೆ ಎಂದು ಅವರಷ್ಟು ಚೆನ್ನಾಗಿ ಯಾರೂ ಹೇಳಲಾರರು.

ಸೆಕೆಂಡ್ ಹ್ಯಾಂಡ್ ಹುಡುಕಲು ವಾಟರ್ ಸ್ಪೋರ್ಟ್ಸ್ ನಡೆಸುವವರನ್ನು, ರೆಸಾರ್ಟಿನವರನ್ನು ವಿಚಾರಿಸಿ. ಹಳೆಯದನ್ನು ಮಾರುವವರು ಇರುತ್ತಾರೆ. ನೋಡಲು ಹೋದಾಗ ತೂತುಗಳ ಸುತ್ತ ಬಿರುಕಿದೆಯಾ ಎಂದು ಬೆರಳಾಡಿಸಿ. ಡ್ರೈನ್ ಪ್ಲಗ್ ತೆಗೆದು ಒಳಗೆ ಎರಡು ಬಕೆಟ್ ನೀರು ಹಾಕಿ, ಪ್ಲಗ್ ಮುಚ್ಚಿ, ಆ ಕಡೆ ಈ ಕಡೆ ವಾಲಿಸಿ. ಹೊರಗೆ ಹನಿ ಕಂಡರೆ ಬಿಟ್ಟು ಬನ್ನಿ. 'ಎಂ-ಸೀಲ್ ಹಚ್ಚಿದರಾಯ್ತು' ಅನ್ನುವವರ ಮಾತು ನಂಬಬೇಡಿ. ಕಯಾಕಿನ ಪ್ಲಾಸ್ಟಿಕ್ಕಾದ ಪಾಲಿಥೀನಿಗೆ ಅದು ಗಟ್ಟಿಯಾಗಿ ಹಿಡಿಯುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗೇ ಆಗಬೇಕು. ನಿಮ್ಮ ತೂಕ, ಕಯಾಕ್ ಇಡುವ ಜಾಗ ಎರಡನ್ನೂ ತಿಳಿಸಿದರೆ ಯಾವ ಅಳತೆಯದ್ದು ಸರಿ ಎಂದು ಇನ್ನೂ ಬಿಡಿಸಿ ಹೇಳುತ್ತೇನೆ.