ಬಾಯಿ ಬಿಡೋಕೆ ಭಯ ಯಾಕೆ? ಹೊಸ ದೇಶದ ಇಂಗ್ಲಿಷ್ ಬಗ್ಗೆ ನಿಮ್ಮ ಪ್ರಶ್ನೆಗಳು

ಕೆನಡಾದ ಟೊರೊಂಟೊ ಸುತ್ತಮುತ್ತ ಹೊಸದಾಗಿ ಬಂದ ದೊಡ್ಡವರಿಗೆ ಇಂಗ್ಲಿಷ್ ಕಲಿಸೋದು ನನ್ನ ಕೆಲಸ ಅಂತ ಕಳೆದ ಸಂಚಿಕೇಲಿ ಎರಡು ಮಾತು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರ್ತವೆ ಅಂತ ಅಂದ್ಕೊಂಡಿರ್ಲಿಲ್ಲ. ಎಲ್ಲಾನೂ ಓದಿದೀನಿ, ಈ ಸಲ ಐದಕ್ಕೆ ಉತ್ತರ ಬರೀತಿದೀನಿ.

ಪ್ರಶ್ನೆ: ಮೇಡಂ ನಮಸ್ಕಾರ. ನಮ್ದು ಹಾಸನದ ಹತ್ರ ಹಳ್ಳಿ, ಪಿಯುಸಿವರೆಗೂ ಕನ್ನಡ ಮೀಡಿಯಂ. ಬ್ರಾಂಪ್ಟನ್‌ಗೆ ಬಂದು ಮೂರು ವರ್ಷ ಆಯ್ತು, ಪಿಆರ್ (ಇಲ್ಲೇ ಕಾಯಂ ಇರೋಕೆ ಅನುಮತಿ) ಇದೆ. ಅಂಗಡಿ, ಡಾಕ್ಟರು, ಸ್ಕೂಲು ಎಲ್ಲಾ ಕಡೆ ನಮ್ಮ ಯಜಮಾನ್ರೇ ಮಾತಾಡ್ತಾರೆ. ಮೊನ್ನೆ ಮಗನ ಟೀಚರ್ ಏನೋ ಕೇಳಿದ್ರು, ನಾನು ಹೇಳೋಕೆ ಹೋದೆ, ಏಳು ವರ್ಷದ ಮಗ 'ಅಮ್ಮಾ ನೀನ್ ಮಾತಾಡ್ಬೇಡ' ಅಂತ ನನ್ನ ಜಾಕೆಟ್ ತೋಳು ಹಿಡಿದು ಎಳೆದ. ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನನಗೆ 34, ಈಗ ಕಲೀಬಹುದಾ? ಕ್ಲಾಸಿಗೆ ದುಡ್ಡೆಷ್ಟು? ಎರಡು ವರ್ಷದ ಮಗಳನ್ನ ಎಲ್ಲಿ ಬಿಡ್ಲಿ?

ಉತ್ತರ: ತಂಗಿ, ಮೊದಲು ದುಡ್ಡಿನ ಮಾತು ಮುಗಿಸಿಬಿಡ್ತೀನಿ. ಒಂದು ಪೈಸಾನೂ ಇಲ್ಲ. ಪಿಆರ್ ಇರೋರಿಗೆ ಕೆನಡಾ ಸರ್ಕಾರಾನೇ ಖರ್ಚು ಹಾಕಿ ನಡೆಸೋ ಕ್ಲಾಸ್ ಇದೆ, ಲಿಂಕ್ ಅಂತಾರೆ, 1992ರಿಂದ ನಡೀತಿದೆ. ಬೆಳಿಗ್ಗೆ ಕ್ಲಾಸ್ ಇರತ್ತೆ, ಕೆಲವು ಕಡೆ ಸಂಜೆನೂ ಇರತ್ತೆ, ಕೂತಲ್ಲೇ ಆನ್‌ಲೈನ್ ಕಲಿಯೋದೂ ಇದೆ. ಕೆಲವು ಜಾಗದಲ್ಲಿ ಸಣ್ಣ ಮಕ್ಕಳನ್ನ ನೋಡ್ಕೊಳ್ಳೋಕೆ ಅದೇ ಬಿಲ್ಡಿಂಗಲ್ಲಿ ರೂಮ್ ಇರತ್ತೆ, ನೀವು ಕ್ಲಾಸಲ್ಲಿ, ಮಗಳು ಪಕ್ಕದ ರೂಮಲ್ಲಿ, ಅದಕ್ಕೂ ದುಡ್ಡಿಲ್ಲ. ಆದ್ರೆ ಆ ಸೀಟು ಬೇಗ ತುಂಬ್ತವೆ, ವೇಟಿಂಗ್ ಲಿಸ್ಟಲ್ಲಿ ಹೆಸರು ಇವತ್ತೇ ಹಾಕ್ಸಿ, ಬೇಸಿಗೆ ಮುಗೀಲಿ ಅಂತ ಕಾಯಬೇಡಿ.

ಸೀದಾ ಹೋಗಿ ಸೇರೋಕಾಗಲ್ಲ, ಮೊದಲು ಅಸೆಸ್‌ಮೆಂಟ್. ಅದಕ್ಕೂ ಫೀಸಿಲ್ಲ, ಪಿಆರ್ ಕಾರ್ಡ್ ತಗೊಂಡು ಹೋಗಿ. ಕೇಳೋದು, ಮಾತಾಡೋದು, ಓದೋದು, ಬರೆಯೋದು, ನಾಲ್ಕನ್ನೂ ನೋಡಿ ನಾಲ್ಕಕ್ಕೂ ಬೇರೆಬೇರೆ ಲೆವೆಲ್ ಕೊಡ್ತಾರೆ. ಒಟ್ಟು 12 ಲೆವೆಲ್ಲು, ಸಿಎಲ್‌ಬಿ ಅಂತ ಹೆಸರು. ನಮ್ಮ ಕನ್ನಡ ಮೀಡಿಯಂನೋರದು ಹೆಚ್ಚಾಗಿ ಓದೋದು ಬರೆಯೋದು ಮೇಲೆ, ಮಾತಾಡೋದು ಕೆಳಗೆ. ಅದನ್ನ ನೋಡಿ ಅಳಬೇಡಿ. ಓದೋಕೆ ಬರತ್ತೆ ಅಂದ್ರೆ ಅರ್ಧ ಸಾಮಾನು ಆಗಲೇ ಮನೇಲಿದೆ ಅಂತ ಅರ್ಥ. ಫೇಲ್ ಅನ್ನೋದೇ ಇಲ್ಲ ಅಲ್ಲಿ, ನಿಮ್ಮನ್ನ ಯಾವ ಕ್ಲಾಸಲ್ಲಿ ಕೂರಿಸ್ಬೇಕು ಅಂತ ನೋಡ್ತಾರೆ ಅಷ್ಟೇ.

ಕ್ಲಾಸಲ್ಲಿ ಏನ್ ಮಾಡ್ತೀವಿ ಅಂತ ಹೇಳ್ತೀನಿ ಕೇಳಿ. ಮೊದಲ ದಿನಾನೇ ಒಂದು ದಪ್ಪ ಬೈಂಡರ್ ಕೊಡ್ತೀವಿ. ಗ್ರಾಮರ್ ಟೇಬಲ್ ಬಾಯಿಪಾಠ ಮಾಡಿಸಲ್ಲ. 'ಮಗುಗೆ ಜ್ವರ, ಇವತ್ತು ಸ್ಕೂಲಿಗೆ ಬರಲ್ಲ' ಅಂತ ಫೋನ್ ಮಾಡಿ ಹೇಳೋದು, ಡಾಕ್ಟರ ಹತ್ರ ಎಲ್ಲಿ ನೋವು, ಯಾವಾಗಿಂದ ಅಂತ ಹೇಳೋದು, ಕರೆಂಟ್ ಬಿಲ್ ಓದೋದು, ಇಂಥವು. ಒಂದೊಂದು ಮಾಡಿದಾಗ್ಲೂ ಆ ಹಾಳೆ ಬೈಂಡರಲ್ಲಿ ಸೇರತ್ತೆ. ಲೆವೆಲ್ ದಾಟ್ಸೋದು ಆ ಬೈಂಡರ್ ನೋಡಿನೇ, ಒಂದು ದಿನದ ಪರೀಕ್ಷೆ ಅಂತ ಇಲ್ಲ. ನಮ್ಮಲ್ಲಿ ಒಬ್ಬರು ಆರು ತಿಂಗಳಾದ ಮೇಲೆ ಹಳೇ ಹಾಳೆ ತಿರುವಿ ನೋಡಿ 'ಇದು ನಾನೇ ಬರೆದಿದ್ದಾ' ಅಂತ ಕೇಳಿದ್ರು, ಆ ಮುಖ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇನ್ನು ನಮ್ಮೋರಿಗೇ ಅಂತ ಇರೋ ಎರಡು ಮೂರು ತೊಡಕು ಹೇಳ್ತೀನಿ, ಇಲ್ಲಿನ ಬೇರೆ ಟೀಚರ್‌ಗಳಿಗೆ ಇದು ಗೊತ್ತಿರಲ್ಲ, ಹಾಗಾಗಿ ಅವರು ಯಾಕೆ ಅಂತ ಹೇಳಲ್ಲ. ನಾವು ಕನ್ನಡದೋರು ಪದದ ಕೊನೇಗೆ ಒಂದು 'ಉ' ಸೇರಿಸ್ತೀವಿ. ಬಸ್ಸು, ಬ್ಯಾಂಕು, ಬುಕ್ಕು, ಮಿಲ್ಕು. ಇಲ್ಲಿಯೋರಿಗೆ ಆ ಉಕಾರ ಇನ್ನೊಂದು ಪದದ ಥರ ಕೇಳ್ಸತ್ತೆ, ಮುಖ ನೋಡ್ತಾರೆ, ನಮಗೆ ತಪ್ಪು ಹೇಳಿದ್ವಾ ಅಂತ ಎದೆ ಧಸಕ್ ಅನ್ನತ್ತೆ. ಪದ ಸರಿಯಾಗೇ ಇರತ್ತೆ, ಬಾಯಿ ಬೇಗ ಮುಚ್ಚಬೇಕು ಅಷ್ಟೇ. ಇನ್ನೊಂದು, 'ಎಗ್' ಅನ್ನೋಕೆ 'ಯೆಗ್', 'ಓಲ್ಡ್' ಅನ್ನೋಕೆ 'ವೋಲ್ಡ್' ಬರತ್ತೆ. ಕನ್ನಡಿ ಮುಂದೆ ನಿಂತು ವಾರ ಅಭ್ಯಾಸ ಮಾಡಿದ್ರೆ ತಾನೇ ಹಿಡಿತಕ್ಕೆ ಬರತ್ತೆ.

ಎಲ್ಲಕ್ಕಿಂತ ಮುಖ್ಯವಾದ್ದು ಮರ್ಯಾದೆ ವಿಷಯ. ನಾವು 'ಒಂದು ಕಾಫಿ ಕೊಡಿ' ಅಂದಾಗ ಮರ್ಯಾದೆ ಆ 'ಕೊಡಿ' ಒಳಗೇ ಇದೆ, 'ಕೊಡು' ಅಂದಿಲ್ಲ ನಾವು. ಅದನ್ನೇ ಇಂಗ್ಲಿಷಿಗೆ ತಗೊಂಡು ಹೋಗಿ 'ಗಿವ್ ಮಿ ಒನ್ ಕಾಫಿ' ಅಂದ್ರೆ ಆ ಮರ್ಯಾದೆ ದಾರೀಲೇ ಬಿದ್ದುಹೋಗತ್ತೆ. ಅಂಗಡಿಯೋರಿಗೆ ನಾವು ಗದರಿಸಿದ ಹಾಗೆ ಕೇಳ್ಸತ್ತೆ, ಅವರು ಮುಖ ಗಂಟು ಹಾಕ್ತಾರೆ, ನಾವು 'ನಮ್ಮ ಬಣ್ಣ ನೋಡಿ ಹಿಂಗಾಡಿದ್ರೇನೋ' ಅಂತ ನೊಂದ್ಕೋತೀವಿ. ಕೆಲವು ಸಲ ಅದೂ ಇರತ್ತೆ, ಇಲ್ಲ ಅನ್ನಲ್ಲ. ಆದ್ರೆ 'ಕುಡ್ ಐ ಗೆಟ್ ಎ ಕಾಫಿ, ಪ್ಲೀಸ್' ಅಂತ ಒಂದು ವಾರ ಹೇಳಿ ನೋಡಿ. ಹಾಗೇ 'ಊಟ ಮಾಡಿಲ್ವಾ' ಅಂತ ಕೇಳಿದ್ರೆ ನಾವು 'ಹೌದು, ಮಾಡಿಲ್ಲ' ಅಂತೀವಿ, ಇಂಗ್ಲಿಷಲ್ಲಿ ಅದಕ್ಕೆ 'ನೋ' ಅನ್ಬೇಕು. ನರ್ಸ್ 'ಮಾತ್ರೆ ತಗೊಂಡಿಲ್ವಾ' ಅಂತ ಕೇಳಿದಾಗ ತಗೊಳ್ದೇ ಇದ್ದು 'ಯೆಸ್' ಅಂದ್ರೆ ಅವಳು ತಗೊಂಡಿದಾರೆ ಅಂತ ಬರ್ಕೊಂಡುಬಿಡಬಹುದು. ಅನುಮಾನ ಬಂದ್ರೆ ಯೆಸ್ಸೂ ಬೇಡ ನೋನೂ ಬೇಡ, 'ಐ ಡಿಡ್ ನಾಟ್ ಟೇಕ್ ಇಟ್' ಅಂತ ಪೂರ್ತಿ ಹೇಳಿ.

ಮಗನ ವಿಷಯ. ಅವನಿಗೂ ನಾಚಿಕೆ, ನಿಮಗೂ ನಾಚಿಕೆ, ಅವನ ಮೇಲೆ ಕೋಪ ಮಾಡ್ಕೋಬೇಡಿ. ಅವನನ್ನ ಕೂರಿಸ್ಕೊಂಡು 'ನಾನೂ ಸ್ಕೂಲಿಗೆ ಸೇರ್ತಿದೀನಿ ಕಂದ, ಹೋಮ್‌ವರ್ಕ್ ಇಬ್ಬರೂ ಒಂದೇ ಟೇಬಲ್ ಮೇಲೆ ಮಾಡೋಣ' ಅನ್ನಿ. ಆದ್ರೆ ಮನೇಲಿ ಅವನ ಹತ್ರ ಕನ್ನಡ ಬಿಡಬೇಡಿ. ಕನ್ನಡದಲ್ಲಿ ನೀವು ಗಾದೆ ಹೇಳ್ತೀರಿ, ಕತೆ ಹೇಳ್ತೀರಿ, ತರ್ಕ ಮಾಡ್ತೀರಿ, ಅಲ್ಲಿ ನೀವು ಪೂರ್ತಿ ಅಮ್ಮ, ಅದನ್ನ ಅವನು ದಿನಾ ನೋಡ್ತಿರ್ಬೇಕು. ಮುಂದಿನ ಸಲ ಟೀಚರ್ ಹತ್ರ ಹೋಗುವಾಗ ಒಂದೇ ಪ್ರಶ್ನೆ ಬರ್ಕೊಂಡು ಹೋಗಿ, 'ಹೌ ಈಸ್ ಹಿ ಡೂಯಿಂಗ್ ಇನ್ ರೀಡಿಂಗ್?' ಅಂತ. ಕೇಳೋದು ನೀವೇ, ಯಜಮಾನ್ರು ಪಕ್ಕದಲ್ಲಿ ಸುಮ್ನೆ ಕೂತಿರ್ಲಿ. ಉತ್ತರ ಅರ್ಧ ಅರ್ಥ ಆದ್ರೂ ಪರ್ವಾಗಿಲ್ಲ, 'ಸ್ಲೋಲಿ ಪ್ಲೀಸ್' ಅನ್ನಿ.

ಪ್ರಶ್ನೆ: ನಾನು ಸಾಫ್ಟ್‌ವೇರ್, ನಾವಿಬ್ರೂ ವರ್ಕ್ ಪರ್ಮಿಟ್ ಮೇಲೆ ಇದೀವಿ, ಪಿಆರ್ ಇನ್ನೂ ಆಗಿಲ್ಲ. ನನ್ನ ಹೆಂಡತಿ ಕ್ಲಾಸಿಗೆ ಹೋಗ್ತೀನಿ ಅಂತಿದಾಳೆ. ನಾನೇ ಮನೇಲಿ ಹೇಳಿಕೊಡಬಲ್ಲೆ, ಯೂಟ್ಯೂಬ್ ಇದೆ, ಫೋನಲ್ಲಿ ಅನುವಾದ ಮಾಡೋ ಆಪ್ ಇದೆ. ಚಳೀಲಿ ಎರಡು ಬಸ್ ಹತ್ತಿ ಯಾಕೆ ಹೋಗ್ಬೇಕು?

ಉತ್ತರ: ಸರ್, ನಿಮ್ಮ ಕಾಳಜಿ ಅರ್ಥ ಆಗತ್ತೆ, ಆದ್ರೂ ಹೋಗ್ಲಿ ಬಿಡಿ. ಆ ಎರಡು ಬಸ್ ಇದೆಯಲ್ಲ, ಅದೇ ಅರ್ಧ ಕ್ಲಾಸು. ಡ್ರೈವರನ್ನ ಕೇಳ್ಬೇಕು, ತಪ್ಪು ಸ್ಟಾಪಲ್ಲಿ ಇಳಿದ್ರೆ ದಾರಿ ವಿಚಾರಿಸ್ಬೇಕು. ಮನೇಲಿ ಗಂಡನ ಹತ್ರ ಕಲಿಯೋದು ಗಂಡನ ಹತ್ರ ಕಾರ್ ಓಡಿಸೋದು ಕಲಿತ ಹಾಗೆ, ಮೂರನೇ ದಿನಕ್ಕೆ ಜಗಳ ಆಗತ್ತೆ. ಕ್ಲಾಸಲ್ಲಿ ಪಕ್ಕದಲ್ಲಿ ಕೂತಿರೋ ಸಿರಿಯಾದ ಹೆಂಗಸೂ ತಪ್ಪು ಮಾತಾಡ್ತಾಳೆ, ಉಕ್ರೇನಿನ ಹುಡುಗನೂ ತಪ್ಪು ಮಾತಾಡ್ತಾನೆ, ಇಬ್ಬರಿಗೂ ಇಂಗ್ಲಿಷ್ ಬಿಟ್ರೆ ಬೇರೆ ಗತಿ ಇಲ್ಲ, ಅಲ್ಲಿ ಬಾಯಿ ತಾನಾಗೇ ಬಿಚ್ಚಿಕೊಳ್ಳತ್ತೆ. ಆಪ್ ಔಷಧಿ ಅಂಗಡೀಲಿ ಹೆಸರು ತೋರ್ಸೋಕೆ ಸರಿ. ಪಕ್ಕದ ಮನೆಯೋಳ ಜೊತೆ ಸ್ನೇಹ ಆಗೋಕೆ ಬರಲ್ಲ.

ವಿಷಯಕ್ಕೆ ಬಂದ್ರೆ, ಪಿಆರ್ ಇಲ್ದೋರಿಗೆ ಲಿಂಕ್ ಸಿಗಲ್ಲ, ಅದು ನಿಜವಾಗ್ಲೂ ಬೇಜಾರಿನ ವಿಷಯ, ಯಾಕಂದ್ರೆ ಭಾಷೆ ಹೆಚ್ಚು ಬೇಕಾಗೋದು ಬಂದ ಮೊದಲ ವರ್ಷಾನೇ. ಅಲ್ಲಿವರೆಗೂ ಹತ್ರದ ಲೈಬ್ರರಿಗೆ ಕಳ್ಸಿ, ಅನೇಕ ಕಡೆ ಕಾನ್ವರ್ಸೇಶನ್ ಸರ್ಕಲ್ ಅಂತ ಮಾಡ್ತಾರೆ, ಗುಂಡಗೆ ಕೂತು ಒಂದು ಗಂಟೆ ಮಾತಾಡೋದು, ಫೀಸಿಲ್ಲ. ಪಿಆರ್ ಬಂದ ವಾರಾನೇ ಅಸೆಸ್‌ಮೆಂಟಿಗೆ ಹೆಸರು ಕೊಡಿ. ಸಿಟಿಜನ್ ಆದ್ಮೇಲೆ ಲಿಂಕ್ ಬಾಗಿಲು ಮುಚ್ಚತ್ತೆ, ತುಂಬಾ ಜನಕ್ಕೆ ಇದು ಗೊತ್ತಿಲ್ದೇ ಕೈ ತಪ್ಪಿಸ್ಕೊಂಡಿದಾರೆ. ಇನ್ನೊಂದು, ಸಿಟಿಜನ್‌ಶಿಪ್ ಅರ್ಜಿ ಹಾಕುವಾಗ 18ರಿಂದ 54 ವರ್ಷದೋರು ಕೇಳೋದು ಮಾತಾಡೋದರಲ್ಲಿ ಸಿಎಲ್‌ಬಿ 4 ಇದೆ ಅಂತ ತೋರಿಸ್ಬೇಕು, ಲಿಂಕ್ ಕ್ಲಾಸಿನ ಸರ್ಟಿಫಿಕೇಟಲ್ಲಿ ಆ ಲೆವೆಲ್ ಇದ್ರೆ ಅದೇ ನಡೆಯತ್ತೆ.

ನಮ್ಮಮ್ಮನ ಮಾತು ಹೇಳ್ಲೇಬೇಕು ಇಲ್ಲಿ. ರಾಷ್ಟ್ರೀಯ ಸಾಕ್ಷರತಾ ಮಿಷನ್ 1988ರಲ್ಲಿ ಶುರುವಾಯ್ತು, ನಮ್ಮೂರಿಗೆ ರಾತ್ರಿ ಶಾಲೆ ಬಂದಿದ್ದು ಅದಾದ ಕೆಲವು ವರ್ಷಕ್ಕೆ. ನಮ್ಮಪ್ಪ 'ನಾನಿದೀನಲ್ಲ ಓದೋಕೆ, ನಿಂಗ್ಯಾಕೆ' ಅಂದ್ರು, ನೀವು ಬರೆದ ಮಾತೇ. ಅಮ್ಮ ಕೇಳ್ಲಿಲ್ಲ, ಊಟ ಬಡಿಸಿ, ಪಾತ್ರೆ ಹಾಗೇ ಬಿಟ್ಟು, ಲಾಟೀನು ಹಿಡ್ಕೊಂಡು ಹೋಗೋರು. ಒಂದಿನ ಹಾಲಿನ ಡೈರೀಲಿ ಹೆಬ್ಬೆಟ್ಟು ಒತ್ತೋ ಪ್ಯಾಡ್ ಮುಂದೆ ತಳ್ಳಿದಾಗ ಅಮ್ಮ ಅದನ್ನ ಪಕ್ಕಕ್ಕೆ ಸರಿಸಿ ಪೆನ್ನು ಕೇಳಿದ್ರು. ಐದಕ್ಷರ ಬರೆಯೋಕೆ ಎಷ್ಟೊತ್ತು ಹಿಡೀತೋ, ಹಿಂದೆ ಕ್ಯಾನ್ ಹಿಡಿದು ನಿಂತಿದ್ದ ಸಾಲು ಪೂರ್ತಿ ಕಾಯ್ತು, ಒಬ್ಬರೂ ಬೇಗ ಆಗ್ಲಿ ಅನ್ನಲಿಲ್ಲ. ನಾನು ಟೀಚರ್ ಆಗಿದ್ದು ಆ ಸಾಲಲ್ಲಿ ನಿಂತಿದ್ದಕ್ಕೆ.

ಪ್ರಶ್ನೆ: ದಾವಣಗೆರೆಯವನು, 67 ವರ್ಷ. ಸೂಪರ್ ವೀಸಾ (ಇಲ್ಲಿರೋರ ಅಪ್ಪ ಅಮ್ಮ, ಅಜ್ಜ ಅಜ್ಜಿಗೆ ಕೊಡೋ ವಿಸಿಟರ್ ವೀಸಾ) ಮೇಲೆ ಮಿಸಿಸಾಗದಲ್ಲಿ ಮಗನ ಮನೇಲಿದ್ದೇನೆ. ಬೆಳಿಗ್ಗೆ ಪಾರ್ಕಿನಲ್ಲಿ ಒಬ್ಬರು ಬೆಂಚ್ ಮೇಲೆ ಕೂತು ನಗ್ತಾರೆ, ನಾನೂ ನಗ್ತೀನಿ, ಅಲ್ಲಿಗೆ ಮುಗೀತು. ನನ್ನಂಥವರಿಗೆ ಏನಾದ್ರೂ ಕ್ಲಾಸ್ ಇದೆಯೇ?

ಉತ್ತರ: ಹಿರಿಯರೇ, ಸೂಪರ್ ವೀಸಾದಲ್ಲಿ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು, ಅಷ್ಟು ದಿನ ಬರೀ ನಕ್ಕೊಂಡು ಕೂರೋಕಾಗತ್ತಾ. ಲಿಂಕ್ ನಿಮಗೆ ಬರಲ್ಲ, ವಿಸಿಟರ್ ಅಲ್ವಾ. ಲೈಬ್ರರಿಗೆ ಹೋಗಿ ಕಾನ್ವರ್ಸೇಶನ್ ಸರ್ಕಲ್ ಯಾವ ದಿನ ಅಂತ ಕೇಳಿ, ಕಮ್ಯುನಿಟಿ ಸೆಂಟರಲ್ಲಿ ಹಿರಿಯರ ಗುಂಪು ಇದ್ದೇ ಇರತ್ತೆ, ಅಲ್ಲೂ ವಿಚಾರಿಸಿ. ಪರೀಕ್ಷೆ ಬರೆಯೋದಿಲ್ಲ, ಕೆಲಸ ಹುಡುಕೋದಿಲ್ಲ, ನೀವು ಆರಾಮಾಗಿ ಕಲೀಬಹುದು. ನಾಳೆ ಪಾರ್ಕಲ್ಲಿ 'ಕೋಲ್ಡ್ ಟುಡೇ' ಅನ್ನಿ ಸಾಕು. ಈ ದೇಶದಲ್ಲಿ ಚಳಿ ಬಗ್ಗೆ ಎಲ್ಲರೂ ಬೇಡ ಅನ್ನದೆ ಮಾತಾಡ್ತಾರೆ. ಮರುದಿನ ಅವರ ಹೆಸರು ಕೇಳಿ, ನಿಮ್ಮ ಹೆಸರು ಹೇಳಿ. ಬೆಣ್ಣೆದೋಸೆ ಅಂದ್ರೇನು ಅಂತ ವಿವರಿಸೋಕೆ ಬೇಕಾಗೋ ಹತ್ತು ಪದ ಸೊಸೆ ಹತ್ರ ಬರೆಸ್ಕೊಳ್ಳಿ, ನಮಗಿಷ್ಟ ಆಗಿದ್ದರ ಬಗ್ಗೆ ಮಾತು ಬೇಗ ಬರತ್ತೆ.

ಪ್ರಶ್ನೆ: ಬ್ಯಾಂಕಿಂದ ರಿಟೈರ್ ಆದವನು, ಈಗ ಸ್ಕಾರ್ಬರೋದಲ್ಲಿ ನೆಲೆಸಿದ್ದೇನೆ. ನನ್ನ ಇಂಗ್ಲಿಷ್ ಗ್ರಾಮರ್ ಗಟ್ಟಿ. ಹೊಸಬರಿಗೆ ಪುಕ್ಕಟೆ ಕಲಿಸಬೇಕು ಅಂತ ಆಸೆ. ಹೇಗೆ ಶುರು ಮಾಡ್ಲಿ?

ಉತ್ತರ: ಸರ್, ನಿಮ್ಮಂಥೋರು ಬೇಕು. ಟೊರೊಂಟೊ ಲೈಬ್ರರಿಗೆ 100 ಬ್ರಾಂಚ್ ಇದೆ, ಹತ್ರದ್ದಕ್ಕೆ ಹೋಗಿ ವಾಲಂಟಿಯರ್ ಕೆಲಸ ಏನಿದೆ ಅಂತ ಕೇಳಿ. ಒಂದು ಹಳೇ ಕತೆ ಹೇಳ್ತೀನಿ, ನನಗೆ ತುಂಬಾ ಇಷ್ಟ. 1899ರಲ್ಲಿ ಆಲ್ಫ್ರೆಡ್ ಫಿಟ್ಜ್‌ಪ್ಯಾಟ್ರಿಕ್ ಅನ್ನೋರು ಕೆನಡಾದಲ್ಲಿ ಫ್ರಾಂಟಿಯರ್ ಕಾಲೇಜ್ ಶುರು ಮಾಡಿದ್ರು. ಕಾಲೇಜು ಅಂದ್ರೆ ಕಟ್ಟಡ ಅಲ್ಲ. ಟೀಚರ್‌ಗಳೇ ಮರ ಕಡಿಯೋ ಕ್ಯಾಂಪಿಗೆ, ರೈಲು ಹಳಿ ಹಾಕೋ ಜಾಗಕ್ಕೆ ಹೋಗೋರು, ಹಗಲೆಲ್ಲ ಆ ಕೂಲಿಗಳ ಜೊತೆಗೇ ಮೈಮುರಿದು ದುಡಿದು ರಾತ್ರಿ ಅವರಿಗೇ ಪಾಠ ಹೇಳೋರು, ಅದರಲ್ಲಿ ಬೇರೆ ದೇಶದಿಂದ ಬಂದೋರು ಎಷ್ಟೋ ಜನ. ಆ ಸಂಸ್ಥೆ ಈಗಲೂ ಇದೆ, 2022ರಲ್ಲಿ ಯುನೈಟೆಡ್ ಫಾರ್ ಲಿಟರಸಿ ಅಂತ ಹೆಸರು ಬದಲಾಯಿಸ್ಕೊಂಡ್ರು. ಹಗಲು ಪಕ್ಕದಲ್ಲಿ ಗುದ್ದಲಿ ಹಿಡಿದೋನು ರಾತ್ರಿ ಹೇಳಿದ್ದನ್ನ ಜನ ನಂಬಿದ್ರು, ನಾಚ್ಕೊಳ್ಳಲಿಲ್ಲ.

ಗ್ರಾಮರ್ ಗಟ್ಟಿ ಇದೆ ಅಂದ್ರಿ, ಸಂತೋಷ, ಆದ್ರೆ ಮೊದಲ ಎರಡು ತಿಂಗಳು ಅದನ್ನ ಜೇಬಲ್ಲೇ ಇಟ್ಕೊಂಡಿರಿ. ಕನ್ನಡದಲ್ಲಿ 'ಎ', 'ದಿ' ಅನ್ನೋ ಪದಗಳೇ ಇಲ್ಲ, ಆರ್ಟಿಕಲ್ ಬಿಟ್ರು ಅಂತ ಪ್ರತಿ ಸಾಲಿಗೂ ತಡೆದ್ರೆ ಅವರು ಮುಂದಿನ ವಾರ ಬರಲ್ಲ. ಮಾತು ಮುಗೀಲಿ, ಆಮೇಲೆ ಅದೇ ಮಾತನ್ನ ನೀವು ಸರಿಯಾಗಿ ಒಂದ್ಸಲ ಹೇಳಿ, ಕಿವಿಗೆ ಬೀಳತ್ತೆ. ನಿಮ್ಮ ಬ್ಯಾಂಕ್ ಅನುಭವ ಬಂಗಾರ. ಅಕೌಂಟ್ ಓಪನ್ ಮಾಡೋದು, ಚೆಕ್ ಬರೆಯೋದು, ಫೋನಲ್ಲಿ ಪಿನ್ ಕೇಳೋ ಮೋಸಗಾರನಿಗೆ 'ನೋ' ಅಂತ ಹೇಳಿ ಫೋನ್ ಇಡೋದು, ಇಷ್ಟನ್ನೇ ನಾಲ್ಕು ವಾರ ಕಲ್ಸಿ.

ಪ್ರಶ್ನೆ: ತಂಗಿಗೆ ಪಿಆರ್ ಬಂದಿದೆ, ಮುಂದಿನ ತಿಂಗಳು ಬೆಂಗಳೂರಿಂದ ಹೊರಡ್ತಾಳೆ. ಅಷ್ಟರಲ್ಲಿ ಏನು ಕಲಿಸ್ಲಿ?

ಉತ್ತರ: ಅವಳ ಹೆಸರು. ನಮ್ಮಲ್ಲಿ ಎಷ್ಟೋ ಜನಕ್ಕೆ ಸರ್‌ನೇಮ್ ಅಂತ ಇರಲ್ಲ, ಅಪ್ಪನ ಹೆಸರಿಂದೋ ಊರಿಂದೋ ಒಂದು ಇನಿಶಿಯಲ್ ಇರತ್ತೆ. ಇಲ್ಲಿ ಪ್ರತಿ ಕೌಂಟರಲ್ಲೂ ಮೊದಲ ಪ್ರಶ್ನೇನೇ 'ಲಾಸ್ಟ್ ನೇಮ್?' ಪಾಸ್‌ಪೋರ್ಟಲ್ಲಿ ಎರಡೂ ಖಾನೇಲಿ ಏನಿದೆ ಅಂತ ತೆಗೆದು ನೋಡಿ, ಅದನ್ನೇ ಎಲ್ಲಾ ಕಡೆ ಹೇಳ್ಬೇಕು. ಒಂದೊಂದೇ ಅಕ್ಷರ ಬಿಡಿಸಿ, ತಡವರಿಸದೆ, ಫೋನಲ್ಲಿ ಹೇಳೋ ಹಾಗೆ ಅಭ್ಯಾಸ ಮಾಡ್ಸಿ. ನೀವು ಅಡುಗೆಮನೇಲಿ ನಿಂತು ಕೇಳಿ, ಅವಳು ಹಾಲ್‌ನಲ್ಲಿ ನಿಂತು ಹೇಳ್ಲಿ, ಮುಖ ಕಾಣಬಾರದು. ಆಮೇಲೆ ಹುಟ್ಟಿದ ದಿನ, ಆಮೇಲೆ ಅಲ್ಲಿ ಉಳ್ಕೊಳ್ಳೋ ಮನೆ ವಿಳಾಸ ಪೋಸ್ಟಲ್ ಕೋಡ್ ಸಮೇತ. ಪಿಆರ್ ಕಾಗದ ಸೂಟ್‌ಕೇಸಿಗೆ ಹಾಕ್ಬೇಡಿ, ಹ್ಯಾಂಡ್‌ಬ್ಯಾಗಲ್ಲೇ ಇರ್ಲಿ, ಅಸೆಸ್‌ಮೆಂಟ್ ದಿನ ಅದನ್ನೇ ಕೇಳ್ತಾರೆ.