ಬೇಸ್ ಗಿಟಾರಿನ ಫ್ರೆಟ್‌ಗಳನ್ನು ಮನೆಯಲ್ಲೇ ಕಿತ್ತು ಫ್ರೆಟ್‌ಲೆಸ್ ಮಾಡಿಕೊಳ್ಳಬಹುದೇ?

ಗಮಕ ನುಡಿಸಲು ಬೇಸಿನ ಫ್ರೆಟ್‌ಗಳು, ಅಂದರೆ ಬೆರಳಿಡುವಲ್ಲಿರುವ ಲೋಹದ ಅಡ್ಡಪಟ್ಟಿಗಳು, ಅಡ್ಡಬರುತ್ತಿವೆ, ಕಿತ್ತುಬಿಡಲೇ ಎಂದು ಕೇಳಿದ್ದೀರಿ. ಹನ್ನೊಂದು ವರ್ಷಗಳ ಹಿಂದೆ ನಾನೂ ಇದನ್ನೇ ಕೇಳಬೇಕಿತ್ತು. ಯಾರನ್ನೂ ಕೇಳದೆ ಕಿತ್ತೆ. ಆಗ ನನ್ನ ಬಳಿ 9,000 ರೂಪಾಯಿಗೆ ಕೊಂಡ, ಬೀಟೆ ಮರದ ಫಿಂಗರ್‌ಬೋರ್ಡಿನ (ಬೆರಳಿಡುವ ಹಲಗೆಯ), 20 ಫ್ರೆಟ್‌ಗಳ ಹಳೆಯ ಬೇಸ್ ಇತ್ತು. ಅಮೆರಿಕದ ಜಾಝ್ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ 1962ರ ಫೆಂಡರ್ ಜಾಝ್ ಬೇಸನ್ನು ಫ್ರೆಟ್‌ಗಳಿಲ್ಲದೆ, ಎಪಾಕ್ಸಿ ಬಳಿದ ಬೋರ್ಡಿನ ಮೇಲೆ ನುಡಿಸುತ್ತಿದ್ದನೆಂಬ ಒಂದೇ ತಿಳಿವಳಿಕೆಯ ಬಲದಿಂದ ಭಾನುವಾರ ಮಧ್ಯಾಹ್ನ ಕೆಲಸಕ್ಕೆ ಕುಳಿತೆ.

ಕೀಳುವ ಕೆಲಸವನ್ನೇ ಎಲ್ಲರೂ ದೊಡ್ಡದು ಮಾಡಿ ಹೇಳುತ್ತಾರೆ, ಆದರೆ ನನಗೆ ಅದು ಕಷ್ಟವಾಗಲಿಲ್ಲ. ಸೋಲ್ಡರಿಂಗ್ ಐರನ್ನಿನಿಂದ ಫ್ರೆಟ್ ಕಾಯಿಸಿ, ಬಾಯಿಯನ್ನು ಚಪ್ಪಟೆಯಾಗಿ ಅರೆದುಕೊಂಡ ಇಕ್ಕಳವನ್ನು ಒಂದು ತುದಿಯಿಂದ ತೂರಿಸಿ ನಿಧಾನವಾಗಿ ಅಮುಕುತ್ತಾ ಹೋದರೆ ಫ್ರೆಟ್ ತಾನಾಗಿ ಮೇಲೇಳುತ್ತದೆ. ಉಗುರಿನಷ್ಟು ಅಗಲದ ಮೂರು ಚಕ್ಕೆಗಳು ಎದ್ದವು, ಅಂಟಿಸಿದೆ.

ನನ್ನ ತಪ್ಪು ಬೇರೆಡೆ ಇತ್ತು, ಅದರ ಬೇರು ನಮ್ಮ ಮನೆಯ ವೀಣೆಯಲ್ಲಿತ್ತು. ಅಮ್ಮನ ವೀಣೆಗೆ ಮೇಳ ಕಟ್ಟಲು ಬರುತ್ತಿದ್ದವರು ಹಳೆಯ ಮೇಣವನ್ನು ತೆಗೆದು, ಕರಿ ಬೆರೆಸಿದ ಹೊಸ ಮೇಣದ ಮೇಲೆ 24 ಮೆಟ್ಟಿಲುಗಳನ್ನೂ (ವೀಣೆಯ ಫ್ರೆಟ್‌ಗಳನ್ನೂ) ಮತ್ತೆ ಕೂರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಮೆಟ್ಟಿಲೆಂದರೆ ಮರದ ಮೇಲೆ ಕುಳಿತಿರುವ ವಸ್ತು, ತೆಗೆದರೆ ಮರಕ್ಕೆ ಏನೂ ಆಗುವುದಿಲ್ಲ ಎಂಬುದು ಹಾಗಾಗಿ ತಲೆಯಲ್ಲಿ ಕುಳಿತುಬಿಟ್ಟಿತ್ತು. ಗಿಟಾರಿನ ಫ್ರೆಟ್ ಮರದ ಮೇಲೆ ಕೂರುವುದಿಲ್ಲ. ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಅಗಲದ ಸೀಳಿನೊಳಗೆ ಮುಳ್ಳುಮುಳ್ಳಾದ ಅದರ ಬುಡವನ್ನು ಬಡಿದು ಇಳಿಸಿರುತ್ತಾರೆ. ಅದು ಬೆಣೆ. ಇಪ್ಪತ್ತು ಬೆಣೆಗಳು ಬೋರ್ಡಿನ ಮೇಲ್ಮೈಯನ್ನು ಉದ್ದಕ್ಕೆ ಬಿಗಿಹಿಡಿದು, 70–80 ಕಿಲೋದಷ್ಟಿರುವ ನಾಲ್ಕು ತಂತಿಗಳ ಎಳೆತಕ್ಕೆ ನೆಕ್, ಅಂದರೆ ಗಿಟಾರಿನ ಕುತ್ತಿಗೆ, ಮುಂದಕ್ಕೆ ಬಾಗದಂತೆ ಅದರೊಳಗೆ ಹುದುಗಿರುವ ಲೋಹದ ಸರಳಾದ ಟ್ರಸ್ ರಾಡಿನ ಜೊತೆಗೂಡಿ ತಡೆಯುತ್ತಿರುತ್ತವೆ. ನಾನು ಆ ಬೆಣೆಗಳನ್ನು ಕಿತ್ತು, ಸೀಳುಗಳಿಗೆ ಬಾಗಿಲ ಬಿರುಕಿಗೆ ತುಂಬುವ ವುಡ್ ಪುಟ್ಟಿಯನ್ನು ತುಂಬಿ, ಉಪ್ಪುಕಾಗದದಿಂದ ಉಜ್ಜಿ, ಕನ್ನಡಿಯಂತಾಯಿತೆಂದು ಬೀಗಿದೆ.

ಪುಟ್ಟಿ ಒಣಗಿದಂತೆ ಕುಗ್ಗುತ್ತದೆ, ಒಣಗಿದ ಮೇಲೂ ಮರದಷ್ಟು ಗಟ್ಟಿಯಾಗಿರುವುದಿಲ್ಲ. ತಂತಿ ಬಿಗಿದಾಗ ಒಂದೊಂದು ಸೀಳು ಕೂದಲೆಳೆಯಷ್ಟು ಮುಚ್ಚಿಕೊಂಡರೂ ಇಪ್ಪತ್ತರ ಲೆಕ್ಕ ಸೇರಿ ನೆಕ್ ಬಿಲ್ಲಾಗುತ್ತದೆ. ಮೂರನೆಯ ದಿನ ಸ್ಟೀಲ್ ಸ್ಕೇಲನ್ನು ಉದ್ದಕ್ಕೆ ಇಟ್ಟು ನೋಡಿದರೆ ನಡುವೆ ಹತ್ತು ರೂಪಾಯಿಯ ನಾಣ್ಯ ಆರಾಮವಾಗಿ ತೂರುತ್ತಿತ್ತು. ಆಗಲಾದರೂ ತಂತಿ ಸಡಿಲಿಸಿ ಯೋಚಿಸಬೇಕಿತ್ತು. ನಾನು ಅಲೆನ್ ಕೀ ಹಿಡಿದು, ದಿನಕ್ಕೆ ಕಾಲು ಸುತ್ತು ತಿರುಗಿಸಬೇಕಾದ ಟ್ರಸ್ ರಾಡನ್ನು ಒಂದೇ ಸಂಜೆ, ಬಿಗಿ ಬಂದ ಮೇಲೂ ಬಿಡದೆ, ಎರಡು ಸುತ್ತು ತಿರುಗಿಸಿದೆ. ಟಕ್ ಎಂದಿತು, ಆಮೇಲೆ ಕೀ ಸಲೀಸಾಗಿ ತಿರುಗತೊಡಗಿತು. ಆ ಸಲೀಸಿನಷ್ಟು ಹೊಟ್ಟೆ ತೊಳಸುವ ಅನುಭವ ನನಗೆ ಇನ್ನೊಂದಿಲ್ಲ. ಒಳಗಿನ ತಿರುಪಿನ ಥ್ರೆಡ್ ಕಿತ್ತುಹೋಗಿತ್ತು, ನೆಕ್ ಸೌದೆಯಾಯಿತು.

ಆದ್ದರಿಂದ ಪುಟ್ಟಿ ಬೇಡವೇ ಬೇಡ. ಎರಡನೆಯ ಸಲ, ಹಳೆಯ ಬೇಸೊಂದರಿಂದ ಬಿಚ್ಚಿದ ನೆಕ್ಕನ್ನು ಕೊಂಡು, ಮೊದಲು ತಂತಿಗಳಿಲ್ಲದೆ ಅದನ್ನು ನೇರ ಮಾಡಿಕೊಂಡೆ. ಸೀಳಿನ ಅಗಲಕ್ಕೆ ಸರಿಯಾಗಿ ಉಜ್ಜಿದ ಮೇಪಲ್ ಮರದ ವೆನಿಯರ್ (ತೆಳು ಹಾಳೆ) ಪಟ್ಟಿಗಳನ್ನು ಹೆಬ್ಬೆರಳಿನಿಂದ ಒತ್ತಿದರೆ ಮಾತ್ರ ಇಳಿಯುವಷ್ಟು ಬಿಗಿಯಾಗಿ ಅಂಟಿನೊಂದಿಗೆ ಕೂರಿಸಿದೆ. ಮೇಲೆ ಉಳಿದದ್ದನ್ನು ಉಳಿಯಿಂದ ಸವರಿ, ಬೋರ್ಡಿನ ಅಡ್ಡ ಬಾಗಿಗೆ ಹೊಂದುವ ಬಾಗಿದ ಕಟ್ಟಿಗೆಗೆ ಉಪ್ಪುಕಾಗದ ಸುತ್ತಿ ಉದ್ದಕ್ಕೆ ಮಾತ್ರ ಉಜ್ಜಿದೆ. ಫ್ರೆಟ್ಟಿನ ಎತ್ತರ ಹೋದದ್ದರಿಂದ ನೆಕ್ಕಿನ ತುದಿಯಲ್ಲಿ ತಂತಿಗಳನ್ನು ಹೊರುವ ನಟ್ಟಿನ ಗೀರುಗಳನ್ನೂ ಅಷ್ಟೇ ಇಳಿಸಬೇಕು. ಇಂದಿಗೂ ಆ ನೆಕ್ ನೇರವಾಗಿದೆ.

ಇಷ್ಟೆಲ್ಲ ಹೇಳಿದ ಮೇಲೂ, ಗಮಕಕ್ಕಾಗಿ ಫ್ರೆಟ್ ಕೀಳುವ ನಿಮ್ಮ ಆಲೋಚನೆಯೇ ನನಗೆ ಒಪ್ಪಿಗೆಯಿಲ್ಲ. ಮೆಟ್ಟಿಲುಗಳಿರುವ ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆ ಎಳೆದೇ ಗಮಕ ನುಡಿಸುವ ನಾಡಿನವರು ನಾವು. ಮೆಟ್ಟಿಲು ಗಮಕವನ್ನು ತಡೆಯುತ್ತದೆ ಎಂದು ಯಾವ ವೈಣಿಕರೂ ದೂರಿದ್ದನ್ನು ನಾನು ಕೇಳಿಲ್ಲ. ಬೇಸಿನ ದಪ್ಪ ತಂತಿ ಅಷ್ಟು ಎಳೆಸಿಕೊಳ್ಳುವುದಿಲ್ಲವೆಂಬುದು ನಿಜ, ಆದರೆ ತೆಳುವಾದ ತಂತಿಗಳನ್ನು ಹಾಕಿ ಆರು ತಿಂಗಳು ಏರು ಶ್ರುತಿಯ ಎರಡು ತಂತಿಗಳಲ್ಲಿ ಎಳೆದು ನೋಡಿ. ಫ್ರೆಟ್‌ಲೆಸ್ಸಿನಲ್ಲಿ ಸಿಗುವುದು ಬೇರೆಯೇ ಸುಖ: ಉದ್ದನೆಯ ಜಾರು, ಮರಕ್ಕೆ ತಾಗಿ ಗುಂಯ್‌ಗುಡುವ ನಾದ. ಅದೇ ಬೇಕಿದ್ದರೆ ಮಾಡಿ, ಆದರೆ ಇರುವ ಒಂದೇ ನೆಕ್ಕನ್ನು ಮುಟ್ಟಬೇಡಿ. ನಾಲ್ಕು ತಿರುಪಿನಿಂದ ಬಿಗಿದ, ಬಿಚ್ಚಬಹುದಾದ ನೆಕ್ ಆಗಿದ್ದರೆ ಇನ್ನೊಂದನ್ನು ಕೊಂಡು ಅದರ ಮೇಲೆ ಕೈ ಮಾಡಿ.

ಇನ್ನೊಂದು ಮಾತು. ನೆಕ್ಕಿನ ಪಕ್ಕದ ಚುಕ್ಕಿಗಳು ಎರಡು ಫ್ರೆಟ್‌ಗಳ ನಡುವೆ ಇರುತ್ತವೆ, ಸ್ವರವಿರುವುದು ಫ್ರೆಟ್ಟಿನ ಜಾಗದಲ್ಲಿ. 34 ಇಂಚಿನ ಬೇಸಿನಲ್ಲಿ ಐದನೆಯ ಫ್ರೆಟ್ಟಿನ ಚುಕ್ಕಿಯನ್ನು ನಂಬಿ ಬೆರಳಿಟ್ಟರೆ ಸುಮಾರು 19 ಮಿಲಿಮೀಟರ್ ಹಿಂದೆ ಬಿದ್ದು, ಸ್ವರ ಅರ್ಧ ಸ್ವರಸ್ಥಾನದಷ್ಟು ಇಳಿಯುತ್ತದೆ. ನಾನು ಒಂದು ವಾರ ನನ್ನ ಕಿವಿಯನ್ನೇ ಬೈದುಕೊಂಡೆ, ಆಮೇಲೆ ಹೆಂಡತಿಯ ಬಿಳಿ ನೇಲ್ ಪಾಲಿಶ್‌ನಿಂದ ಸರಿಯಾದ ಜಾಗಗಳಲ್ಲಿ ಹೊಸ ಚುಕ್ಕಿ ಇಟ್ಟು, ಹಳೆಯವನ್ನು ಕಪ್ಪು ಮಾರ್ಕರಿನಿಂದ ಮುಚ್ಚಿದೆ.